ಆಮದಾಗುವ ಹುರಿ, ಲಾಡಿ, ಕುಚ್ಚುಗಳು: ಸೀಮಾ ಸುಂಕದಲ್ಲಿ ಅವುಗಳ ವರ್ಗೀಕರಣ

ಹೈದರಾಬಾದಿನ ಚಾರ್‌ಮಿನಾರ್ ಸಮೀಪದ ಲಾಡ್ ಬಜಾರಿನಲ್ಲಿ ಉಡುಪಿನ ಅಂಚಿಗೆ ಹೊಲಿಯುವ ಹೆಣೆದ ಪಟ್ಟಿ, ಕುಚ್ಚು, ಲಾಡಿ ಮೊದಲಾದವು ರಾಶಿರಾಶಿಯಾಗಿ ಮಾರಾಟವಾಗುತ್ತವೆ. ವ್ಯಾಪಾರಿಗಳ ಬಾಯಲ್ಲಿ ಇವೆಲ್ಲಕ್ಕೂ ‘ಡೋರಿ’ ಅಥವಾ ‘ಲೇಸು’ ಎಂಬ ಹೆಸರೇ ಸಾಕು. ಆದರೆ ಇಂತಹ ವಸ್ತು ವಿದೇಶದಿಂದ ಬಂದು ಸನತ್‌ನಗರದ ಒಳನಾಡು ಕಂಟೇನರ್ ಡಿಪೋದಲ್ಲಿಯೋ ಶಂಶಾಬಾದ್ ವಿಮಾನ ನಿಲ್ದಾಣದಲ್ಲಿಯೋ ಇಳಿದಾಗ ಬಜಾರಿನ ಹೆಸರು ಸಾಲದು. ಅದನ್ನು ಹೇಗೆ ತಯಾರಿಸಲಾಗಿದೆ, ಅದು ಯಾವ ರೂಪದಲ್ಲಿ ಬಂದಿದೆ ಎಂಬುದನ್ನು ಅನುಸರಿಸಿ ಸುಂಕದ ದರ ನಿರ್ಧಾರವಾಗುತ್ತದೆ.

ನಿಜಾಮರ ಸಂಸ್ಥಾನಕ್ಕೆ ತನ್ನದೇ ಸುಂಕದ ಇಲಾಖೆ ಇದ್ದಿತು. ಬೀದರ, ಕಲಬುರಗಿ, ರಾಯಚೂರು ಕಡೆಯ ಹಿರಿಯರು ‘ಕರೋಡಗಿರಿ’ ಎಂಬ ಅದರ ಹೆಸರನ್ನು ಕೇಳಿರಬಹುದು. 1802ರ ವಾಣಿಜ್ಯ ಒಪ್ಪಂದವು ಆ ಸುಂಕಕ್ಕೆ ಮೌಲ್ಯದ ಶೇಕಡ 5ರ ಮಿತಿ ಹಾಕಿತ್ತು. ಈಗಿನ ವ್ಯವಸ್ಥೆ ಅಷ್ಟು ಸುಲಭದ್ದಲ್ಲ. 1975ರ ಸೀಮಾ ಸುಂಕ ದರ ಅಧಿನಿಯಮದ ಅನುಸೂಚಿಯನ್ನು 1986ರಲ್ಲಿ ಅಂತಾರಾಷ್ಟ್ರೀಯ ಸಮನ್ವಿತ ಪದ್ಧತಿಗೆ ಹೊಂದಿಸಲಾಯಿತು; 2003ರಿಂದ ಪ್ರತಿಯೊಂದು ವಸ್ತುವಿಗೂ 8 ಅಂಕಿಗಳ ಸಂಕೇತವಿದೆ. ಜವಳಿಗೆ ಸಂಬಂಧಿಸಿದವು 50ರಿಂದ 63ರವರೆಗಿನ ಅಧ್ಯಾಯಗಳು.

ಮೊದಲನೆಯ ಪ್ರಶ್ನೆ, ಇದು ನೂಲೋ ಹುರಿಯೋ ಎಂಬುದು. ಕೆಲವು ವಿನಾಯಿತಿಗಳಿಗೆ ಒಳಪಟ್ಟು, ಕೃತಕ ನಾರಿನ ನೂಲು 10,000 ಡೆಸಿಟೆಕ್ಸ್ ಮೀರಿದರೆ, ಹತ್ತಿಯದು 20,000 ಮೀರಿದರೆ, ಅದನ್ನು ಹುರಿಯೆಂದು ಪರಿಗಣಿಸಿ 5607ನೆಯ ಶೀರ್ಷಿಕೆಗೆ ಸೇರಿಸಲಾಗುತ್ತದೆ. ಡೆಸಿಟೆಕ್ಸ್ ಎಂದರೆ 10,000 ಮೀಟರ್ ಉದ್ದದ ನೂಲಿನ ಗ್ರಾಂ ತೂಕ. ಅಂದರೆ, ಒಂದು ಮೀಟರ್ ಪಾಲಿಯೆಸ್ಟರ್ ನೂಲು 1 ಗ್ರಾಮಿಗಿಂತ ಹೆಚ್ಚು ತೂಗಿದರೆ ಅದು ಹುರಿ. ಅಕ್ಕಸಾಲಿಗನ ತಕ್ಕಡಿಯೊಂದಿದ್ದರೆ ಆಮದುದಾರನೇ ಇದನ್ನು ಸ್ಥೂಲವಾಗಿ ಪರೀಕ್ಷಿಸಿಕೊಳ್ಳಬಹುದು. ಹೆಣೆದ ವಸ್ತುವಿಗೆ ಮಾತ್ರ ಈ ತೂಕದ ಲೆಕ್ಕ ಅನ್ವಯಿಸುವುದಿಲ್ಲ. ಹೆಣಿಗೆ ಬಿಗಿಯಾಗಿ, ಗಟ್ಟಿಯಾಗಿದ್ದರೆ ಅದು 5607ರ ಹುರಿ. ಸಡಿಲವಾಗಿದ್ದು ಥಾನಿನ ರೂಪದಲ್ಲಿ ಬಂದರೆ 5808ರ ಹೆಣೆದ ಪಟ್ಟಿ.

ಈ ಭೇದದ ಪರಿಣಾಮ ಬೂಟಿನ ಲೇಸಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನೂಲು ಅಥವಾ ಹುರಿಯನ್ನು ಅಳತೆಗೆ ಕತ್ತರಿಸಿ ತುದಿಗೆ ತಗಡು ಕೂರಿಸಿದ್ದರೆ ಆ ಲೇಸು 5609ಕ್ಕೆ ಸೇರುತ್ತದೆ. ಹೆಣೆದ ಪಟ್ಟಿಯಿಂದ ಮಾಡಿದ ಲೇಸಾದರೆ, ನೋಡಲು ಹಾಗೆಯೇ ಇದ್ದರೂ, ಅದರ ಸ್ಥಾನ 6307. ಒಂದೇ ಜೋಡಿನ ಎರಡು ಲೇಸುಗಳು ಎರಡು ಬೇರೆ ಅಧ್ಯಾಯಗಳಿಗೆ ಸೇರುವುದು ವಿಚಿತ್ರವೆನಿಸಬಹುದು. ಆದರೆ ನಿಯಮವು ನೋಡುವುದು ಉಪಯೋಗವನ್ನಲ್ಲ, ರಚನೆಯನ್ನು. ಮಾದಾಪುರದ ಕಚೇರಿಗಳಲ್ಲಿ ನೌಕರರ ಕೊರಳಿನಲ್ಲಿರುವ ಗುರುತುಪತ್ರದ ದಾರವನ್ನೂ ಇದೇ ತರ್ಕದಿಂದ ಪರಿಶೀಲಿಸಬೇಕು. ಕೊಕ್ಕೆಯಿದ್ದ ಮಾತ್ರಕ್ಕೆ ಅದು ಲೋಹದ ಸಾಮಾನಾಗುವುದಿಲ್ಲ.

ಕುಚ್ಚು ಬಿಡಿಯಾಗಿ ಬಂದರೂ 5808ಕ್ಕೇ ಸೇರುತ್ತದೆ. ಲಾಡಿಯನ್ನು ಬಿಗಿಹಿಡಿಯುವ ಪ್ಲಾಸ್ಟಿಕ್ ಬಿರಟೆ ಪ್ರತ್ಯೇಕವಾಗಿ ಬಂದರೆ 3926, ಲೋಹದ ಕೊಕ್ಕೆ, ಕಣ್ಣುಗಳು 8308, ಗುಂಡಿ 9606, ಜಿಪ್ಪು 9607.

2011ರಿಂದ ಸುಂಕದ ಸ್ವಯಂ ನಿರ್ಧಾರ ಪದ್ಧತಿ ಜಾರಿಯಲ್ಲಿರುವುದರಿಂದ ಸರಿಯಾದ ಸಂಕೇತವನ್ನು ಬರೆಯುವ ಹೊಣೆ ಮೊದಲು ಆಮದುದಾರನದು. ಸಂಕೇತ ತಪ್ಪಿ ಸುಂಕ ಕಡಿಮೆಯಾಗಿದ್ದರೆ ಸಾಮಾನ್ಯವಾಗಿ ಎರಡು ವರ್ಷಗಳ ಒಳಗೆ ವ್ಯತ್ಯಾಸದ ಮೊತ್ತಕ್ಕೆ ಬಡ್ಡಿಸಹಿತ ತಗಾದೆ ಬರಬಹುದು. ಉದ್ದೇಶಪೂರ್ವಕವಾಗಿ ಸತ್ಯ ಮರೆಮಾಚಿದ್ದು ಸಾಬೀತಾದರೆ ಅವಧಿ ಐದು ವರ್ಷ, ಜೊತೆಗೆ ದಂಡ. ಅಷ್ಟರಲ್ಲಿ ಸರಕು ಮಾರಾಟವಾಗಿರುತ್ತದೆ. ಆ ಹಣವನ್ನು ಗಿರಾಕಿಯಿಂದ ವಸೂಲು ಮಾಡುವ ದಾರಿ ಸಣ್ಣ ವ್ಯಾಪಾರಿಗೆ ಇರುವುದಿಲ್ಲ. ಆದುದರಿಂದ ಸಂದೇಹವಿದ್ದಲ್ಲಿ ಸರಕು ತರಿಸುವ ಮೊದಲೇ ದೆಹಲಿ ಅಥವಾ ಮುಂಬಯಿಯ ಸೀಮಾ ಸುಂಕ ಮುಂಗಡ ತೀರ್ಪು ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಅಧಿಕಾರಿಯ ಆದೇಶ ಒಪ್ಪಿಗೆಯಾಗದಿದ್ದರೆ, ಅದು ಕೈಸೇರಿದ 60 ದಿನಗಳೊಳಗೆ ಮೇಲ್ಮನವಿ ಆಯುಕ್ತರ ಮುಂದೆ ಹೋಗಬೇಕು. ಎರಡೂ ಸಂದರ್ಭಗಳಲ್ಲಿ ವಸ್ತುವಿನ ಮಾದರಿಯನ್ನೂ, ಹೆಣಿಗೆ ಮತ್ತು ನಾರಿನ ವಿವರವಿರುವ ತಯಾರಕರ ಪತ್ರವನ್ನೂ ಜೊತೆಗಿಟ್ಟುಕೊಳ್ಳುವುದು ಉಪಯುಕ್ತ.