ಹುಳಕಡ್ಡಿಯ ಮಾತ್ರೆಯೂ ಸಂತಾನ ನಿರೋಧಕ ಗುಳಿಗೆಯೂ

ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವು ಕೊಡದ ಊರುಗಳು ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ. ಗದ್ದೆ, ತೋಟಗಳಲ್ಲಿ ದಿನವಿಡೀ ನೆನೆಯುವ ಕೆಲಸ. ಬಚ್ಚಲೊಲೆಯ ಬಳಿ ಗಳಕ್ಕೆ ಹಾಕಿದ ಬಟ್ಟೆಯೂ ಪೂರ್ತಿ ಒಣಗುವುದಿಲ್ಲ. ಚರ್ಮಕ್ಕೆ ಅಂಟುವ ಶಿಲೀಂಧ್ರಗಳಿಗೆ, ಅಂದರೆ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿಗಳಿಗೆ, ಬೇಕಾದದ್ದು ಇಂಥ ತೇವವೇ. ತೊಡೆಸಂದಿ, ಸೊಂಟಗಳಲ್ಲಿ ಉಂಗುರದಂತೆ ಹಬ್ಬುವ ಹುಳಕಡ್ಡಿ, ಕಾಲ್ಬೆರಳ ಸಂದಿಯ ಕೆಸರುಹುಣ್ಣು, ಸ್ತ್ರೀಯರಲ್ಲಿ ತುರಿಕೆಯೊಂದಿಗೆ ಮೊಸರಿನಂತೆ ಹೋಗುವ ಬಿಳಿಸೆರಗು, ಇವೆಲ್ಲ ಈ ಜಾತಿಯ ಕಾಯಿಲೆಗಳು.

ಎರಡು ಮಕ್ಕಳ ತಾಯಿಯೊಬ್ಬರು ಆಶಾ ಕಾರ್ಯಕರ್ತೆ ತಂದುಕೊಡುವ ಮಾಲಾ-ಎನ್ ಗುಳಿಗೆ ನುಂಗುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಹುಳಕಡ್ಡಿಗೆಂದು ವೈದ್ಯರಲ್ಲಿಗೆ ಹೋದಾಗ, ‘ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?’ ಎಂಬ ಪ್ರಶ್ನೆಗೆ ಅವರು ‘ಇಲ್ಲ’ ಎನ್ನುತ್ತಾರೆ. ಸಂಕೋಚ ಒಂದು ಕಾರಣ. ಗುಳಿಗೆಯನ್ನು ಔಷಧಿಯೆಂದೇ ಎಣಿಸದಿರುವುದು ಇನ್ನೊಂದು. ಈ ಒಂದು ‘ಇಲ್ಲ’ದಿಂದ ಬೇಡದ ಗರ್ಭ ನಿಲ್ಲಬಹುದು. ಆ ಗರ್ಭಕ್ಕೆ ಔಷಧಿಯ ಕೆಡುಕೂ ತಗಲಬಹುದು.

ಯಕೃತ್ತಿನ ಕೆಲಸ

ಮಾಲಾ-ಎನ್ ಪಟ್ಟಿಯಲ್ಲಿರುವ 28 ಗುಳಿಗೆಗಳಲ್ಲಿ 21ರಲ್ಲಿ ಮಾತ್ರ ಹಾರ್ಮೋನುಗಳಿವೆ: ಲೆವೊನಾರ್ಜೆಸ್ಟ್ರೆಲ್ 0.15 ಮಿಲಿಗ್ರಾಂ ಮತ್ತು ಎಥಿನೈಲ್ ಈಸ್ಟ್ರಡಯಾಲ್ 0.03 ಮಿಲಿಗ್ರಾಂ. ಉಳಿದ 7 ಕಬ್ಬಿಣಾಂಶದವು. ಈ ಹಾರ್ಮೋನುಗಳು ಅಂಡ ಬಿಡುಗಡೆಯಾಗದಂತೆ ತಡೆಯುತ್ತವೆ. ಯಕೃತ್ತಿನಲ್ಲಿರುವ ಕಿಣ್ವಗಳು ಅವನ್ನು ಒಡೆದು ಹೊರಹಾಕುತ್ತಲೇ ಇರುತ್ತವೆ. ಆದ್ದರಿಂದಲೇ ಗುಳಿಗೆಯನ್ನು ಪ್ರತಿದಿನ ನುಂಗಬೇಕು.

ಅಡಿಕೆ ಸುಲಿಯಲು ಹತ್ತು ಜನರಿದ್ದ ಕಡೆ ಇಪ್ಪತ್ತು ಜನ ಕುಳಿತರೆ ರಾಶಿ ಬೇಗ ಕರಗುತ್ತದೆ. ಐದೇ ಜನರಿದ್ದರೆ ರಾಶಿ ಉಳಿಯುತ್ತದೆ. ಹಾಗೆಯೇ ಕೆಲವು ಔಷಧಿಗಳು ಕಿಣ್ವಗಳನ್ನು ಹೆಚ್ಚಿಸಿ ಹಾರ್ಮೋನನ್ನು ಬೇಗ ಕರಗಿಸುತ್ತವೆ. ಇನ್ನು ಕೆಲವು ಕಿಣ್ವಗಳ ಕೈಕಟ್ಟಿ ಹಾರ್ಮೋನನ್ನು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಸುತ್ತವೆ.

ಎಲ್ಲ ಮಾತ್ರೆಗಳೂ ಒಂದೇ ಅಲ್ಲ

ಗ್ರೈಸಿಯೊಫಲ್ವಿನ್ ಹಳೆಯ ಮಾತ್ರೆ. ಮಕ್ಕಳ ತಲೆಯ ಹುಳಕಡ್ಡಿಗೆ, ಕೆಲವೊಮ್ಮೆ ದೊಡ್ಡವರ ಹಟಮಾರಿ ಹುಳಕಡ್ಡಿಗೆ ಇದನ್ನು ಇಂದಿಗೂ ಕೊಡುತ್ತಾರೆ. ಇದು ಮೊದಲ ಗುಂಪಿಗೆ ಸೇರಿದ್ದು. ಗುಳಿಗೆಯ ಶಕ್ತಿ ಕುಗ್ಗಬಹುದು. ಎರಡು ಮುಟ್ಟುಗಳ ನಡುವೆ ರಕ್ತ ಕಾಣಿಸಿಕೊಂಡರೆ ಅದು ಇದರ ಸೂಚನೆ ಇರಬಹುದು. ಈ ಮಾತ್ರೆ ಭ್ರೂಣಕ್ಕೂ ಒಳ್ಳೆಯದಲ್ಲ. ಹಾಗಾಗಿ ಚಿಕಿತ್ಸೆಯ ಕಾಲದಲ್ಲಿ ಮತ್ತು ಮುಗಿದ ಮೇಲೆ ಒಂದು ತಿಂಗಳು ಗುಳಿಗೆಯ ಜೊತೆಗೆ ನಿರೋಧ್ ಬಳಸಬೇಕು. ಗಂಡಸರು ಈ ಮಾತ್ರೆ ತೆಗೆದುಕೊಂಡಿದ್ದರೆ, ಅದು ಮುಗಿದ ಆರು ತಿಂಗಳವರೆಗೆ ಮಗುವಿಗೆ ಪ್ರಯತ್ನಿಸಬಾರದು.

ಫ್ಲುಕೊನಜೋಲ್ ಮತ್ತು ಇಟ್ರಾಕೊನಜೋಲ್ ಎರಡನೆಯ ಗುಂಪಿನವು. ಇವುಗಳಿಂದ ಗುಳಿಗೆಯ ಶಕ್ತಿ ಕುಂದುವುದಿಲ್ಲ. ಹಾರ್ಮೋನು ತುಸು ಹೆಚ್ಚು ಉಳಿಯುವುದರಿಂದ ಕೆಲವರಿಗೆ ವಾಕರಿಕೆ, ತಲೆನೋವು, ಸ್ತನಗಳಲ್ಲಿ ಬಿಗಿತ ಕಾಣಬಹುದು. ಬಿಳಿಸೆರಗಿಗೆ ಕೊಡುವ 150 ಮಿಲಿಗ್ರಾಂನ ಒಂದೇ ಮಾತ್ರೆಗೆ ಹೆದರಿ ಗುಳಿಗೆ ನಿಲ್ಲಿಸುವುದು ತಪ್ಪು. ಆದರೆ ಗರ್ಭಿಣಿಯರಿಗೆ ಈ ಮಾತ್ರೆಗಳು ತಕ್ಕವಲ್ಲ. ಮೊದಲ ಮೂರು ತಿಂಗಳಲ್ಲಿ ಫ್ಲುಕೊನಜೋಲನ್ನು ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ತೆಗೆದುಕೊಂಡವರ ಮಕ್ಕಳಲ್ಲಿ ಹುಟ್ಟುದೋಷಗಳು ಕಂಡುಬಂದಿವೆ. ಆದ್ದರಿಂದ ಚಿಕಿತ್ಸೆಯ ಕಾಲದಲ್ಲಿ ಗುಳಿಗೆ ತಪ್ಪಿಸಲೇಬಾರದು.

ಟರ್ಬಿನಾಫಿನ್ ಮಾತ್ರೆಯಿಂದ ಗುಳಿಗೆಯ ಶಕ್ತಿ ಕುಗ್ಗುವುದಿಲ್ಲ. ಚರ್ಮಕ್ಕೆ ಹಚ್ಚುವ ಕ್ಲೊಟ್ರಿಮಜೋಲ್ ಮುಲಾಮೂ ಗುಳಿಗೆಯ ತಂಟೆಗೆ ಹೋಗದು. ಆದರೆ ಜನನಾಂಗದ ಒಳಗೆ ಬಳಸುವ, ಎಣ್ಣೆಯ ಅಂಶವುಳ್ಳ ಮುಲಾಮುಗಳು ನಿರೋಧ್‌ನ ರಬ್ಬರನ್ನು ದುರ್ಬಲಗೊಳಿಸಬಹುದು.

ಯಾವ ಮಾತ್ರೆಯಿಂದಲಾದರೂ ಹೊಟ್ಟೆ ಕೆಟ್ಟು, ಗುಳಿಗೆ ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಕೂಡಲೇ ಇನ್ನೊಂದು ಗುಳಿಗೆ ತೆಗೆದುಕೊಳ್ಳಬೇಕು. ಕ್ಷಯದ ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್ ಔಷಧಿಗಳು ಗ್ರೈಸಿಯೊಫಲ್ವಿನ್‌ಗಿಂತ ಬಲವಾಗಿ ಗುಳಿಗೆಯ ಶಕ್ತಿ ಕುಗ್ಗಿಸುತ್ತವೆ. ಅಂಥವರಿಗೆ ಕಾಪರ್-ಟಿ ಉತ್ತಮ. ಅದಕ್ಕೆ ಈ ಯಾವ ಔಷಧಿಯೂ ಅಡ್ಡಿಯಲ್ಲ. ವಾರಕ್ಕೊಮ್ಮೆ ನುಂಗುವ ‘ಛಾಯಾ’ ಹಾರ್ಮೋನಿಲ್ಲದ ಬೇರೆಯೇ ಗುಳಿಗೆ. ಮೇಲಿನ ಲೆಕ್ಕವನ್ನು ಅದಕ್ಕೆ ಹಾಗೆಯೇ ಹಚ್ಚಬಾರದು, ವೈದ್ಯರನ್ನು ಕೇಳಬೇಕು.

ಅಂಗಡಿಯ ಮುಲಾಮಿನ ಅಪಾಯ

ಹುಳಕಡ್ಡಿಗೆ ದೀರ್ಘಕಾಲ ಮಾತ್ರೆ ನುಂಗಬೇಕಾದ ಪ್ರಸಂಗ ಬರಲು ನಮ್ಮ ತಪ್ಪೂ ಕಾರಣ. ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಬೆರೆತ ಮುಲಾಮು ನಾಲ್ಕೇ ದಿನದಲ್ಲಿ ತುರಿಕೆ ಅಡಗಿಸುತ್ತದೆ. ಒಳಗೊಳಗೆ ಹುಳಕಡ್ಡಿ ಹಬ್ಬುತ್ತಲೇ ಇರುತ್ತದೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿದೆ. ಮನೆಯಲ್ಲಿ ಒಬ್ಬರಿಗೆ ಉಳಿದ ಮಾತ್ರೆಯನ್ನು ಇನ್ನೊಬ್ಬರು ನುಂಗುವುದೂ ಸಲ್ಲದು.

ಇಷ್ಟನ್ನು ಮರೆಯದಿರಿ

* ವೈದ್ಯರ ಬಳಿ ಹೋಗುವಾಗ ಗುಳಿಗೆಯ ಪಟ್ಟಿಯನ್ನೇ ಕೊಂಡೊಯ್ದು ತೋರಿಸಿ. ಬಾಯಿಬಿಟ್ಟು ಹೇಳಲು ನಾಚಿಕೆಯಾದರೂ ಕೆಲಸ ಆಗುತ್ತದೆ.

* ಹುಳಕಡ್ಡಿಯ ಮಾತ್ರೆಯ ಹೆಸರು ಕೇಳಿ ಬರೆಸಿಕೊಳ್ಳಿ. ತುರಿಕೆ ನಿಂತಿತೆಂದು ಅರ್ಧದಲ್ಲಿ ಬಿಡಬೇಡಿ.

* ಯಾರನ್ನೂ ಕೇಳದೆ ಸಂತಾನ ನಿರೋಧಕ ಗುಳಿಗೆ ನಿಲ್ಲಿಸಬೇಡಿ.

* ಮುಟ್ಟು ತಪ್ಪಿದರೆ ತಡಮಾಡದೆ ಮೂತ್ರ ಪರೀಕ್ಷೆ ಮಾಡಿಸಿ, ನುಂಗಿದ ಮಾತ್ರೆಗಳ ವಿವರದೊಂದಿಗೆ ವೈದ್ಯರನ್ನು ಕಾಣಿ.

* ಒಳಉಡುಪು, ಟವೆಲ್ಲು ಬೇರೆಬೇರೆ ಇರಲಿ. ಬಟ್ಟೆಗೆ ಇಸ್ತ್ರಿ ಹಾಕಿ ಉಡಿ. ಹುಳಕಡ್ಡಿ ಇರುವ ಮನೆಮಂದಿಯೆಲ್ಲ ಒಟ್ಟಿಗೆ ಚಿಕಿತ್ಸೆ ಪಡೆಯಿರಿ.

ಗಂಡಂದಿರಿಗೂ ಒಂದು ಮಾತು. ಒಂದೆರಡು ತಿಂಗಳು ನಿರೋಧ್ ಬಳಸಬೇಕೆಂದು ವೈದ್ಯರು ಹೇಳಿದರೆ ಅದನ್ನು ಪಾಲಿಸುವ ಹೊಣೆ ನಿಮ್ಮದು. ಎರಡು ಮಕ್ಕಳ ತಾಯಿಗೆ ಬೇಡದ ಗರ್ಭದ ಭಯ ಎಷ್ಟೆಂಬುದು ಆಕೆಗೇ ಗೊತ್ತು.