ಮನೆಪಟ್ಟಿಯೂ ಶಾಲೆಯ ಮಾಳಿಗೆಯೂ

ಮನೆಯ ಮಾಳಿಗೆ ಸೋರತೊಡಗಿದರೆ ಗೃಹಸ್ಥನು ಯಾರ ಅಪ್ಪಣೆಗೂ ಕಾಯುವುದಿಲ್ಲ. ಗೌಂಡಿಯನ್ನು ಕರೆಸಿ ಕೆಲಸಕ್ಕೆ ಹಚ್ಚುತ್ತಾನೆ. ಊರ ಶಾಲೆಯ ಮಾಳಿಗೆ ಸೋರಿದರೆ ಮಾತ್ರ ನಾವೆಲ್ಲರೂ ಸರಕಾರದ ಕಡೆಗೆ ಮುಖಮಾಡಿ ನಿಲ್ಲುತ್ತೇವೆ. ಶಾಲೆಯೂ ನಮ್ಮದೇ ಅಲ್ಲವೇ ಎಂಬುದನ್ನು ವಾಚಕರು ತುಸು ವಿಚಾರಿಸಬೇಕು.

ಗಂಗಾವತಿ ಸೀಮೆಯ ಶ್ರೀರಾಮನಗರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಗೆ ನೀರು ಬಂದ ಮೇಲೆ, ಆಂಧ್ರದ ಕಡೆಯ ಒಕ್ಕಲಿನವರು ಈ ಸೀಮೆಯಲ್ಲಿ ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲೆನಿಂತರು. ಶ್ರೀರಾಮನಗರವು ಅಂಥ ವಸತಿಗಳಲ್ಲೊಂದು. ಒಣನೆಲವು ಭತ್ತದ ಕಣಜವಾಯಿತು. ಆದರೆ ಬೆಳೆಗೆ ಹಿತವಾದ ನೀರು ಕಟ್ಟಡಕ್ಕೆ ಹಿತವಲ್ಲ. ಎರೆಭೂಮಿಯು ನೀರುಂಡರೆ ಉಬ್ಬುವುದು, ಒಣಗಿದರೆ ಕುಗ್ಗಿ ಬಿರಿಯುವುದು. ಬುನಾದಿ ಆಳವಿಲ್ಲದ ಗೋಡೆಯು ಅದರೊಡನೆ ಏರಿಳಿದು ಸೀಳುಬಿಡುವುದು. ಮಾಳಿಗೆಯ ನೀರು ಇಳಿಯುವ ಕೊಳವೆಯಲ್ಲಿ ಕಸ ತುಂಬಿದರೆ ನೀರು ಮೇಲೆಯೇ ನಿಂತು ಒಳಗಿನ ಕಬ್ಬಿಣದ ಸರಳಿಗೆ ತುಕ್ಕು ಹಿಡಿಯುವುದು. ತುಕ್ಕಿನಿಂದ ಉಬ್ಬಿದ ಸರಳು ಕಾಂಕ್ರೀಟನ್ನು ಒಡೆದು ಕೆಳಕ್ಕೆ ಕೆಡಹುವುದು. ಆ ಕೆಳಗೆ ಕುಳಿತಿರುವವರು ಮಕ್ಕಳು. ಇದು ಯಾವುದೊಂದು ಶಾಲೆಯ ಮೇಲಿನ ದೂರಲ್ಲ. ಎರೆಸೀಮೆಯ ಕಟ್ಟಡಗಳಿಗೆಲ್ಲ ಇರುವ ಭಯ.

ಹೊಸ ಕೊಠಡಿಗೆ ಹಣ ಬರುವ ದಾರಿಗಳುಂಟು. ಕೊಪ್ಪಳವೂ ಸೇರಿರುವ ಕಲ್ಯಾಣ ಕರ್ನಾಟಕಕ್ಕೆ 2012ರ ತಿದ್ದುಪಡಿಯಿಂದ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನವೂ ದೊರೆತಿದೆ. ದುರಸ್ತಿಗೆ ಮಾತ್ರ ಶಿಲಾನ್ಯಾಸವಿಲ್ಲ, ಉದ್ಘಾಟನೆಯಿಲ್ಲ, ಹೆಸರು ಕೊರೆದ ಕಲ್ಲಿಲ್ಲ. ನೂರು ರೂಪಾಯಿಯ ಕೆಲಸವನ್ನು ಮುಂದೂಡಿದ ಊರು ಕಡೆಗೆ ಸಾವಿರಾರು ರೂಪಾಯಿಯ ಕೆಲಸವನ್ನು ಬೇಡುತ್ತ ನಿಲ್ಲಬೇಕಾಗುತ್ತದೆ.

ಊರವರ ತೆರಿಗೆಯಿಂದ ಶಾಲೆ ನಡೆಸುವುದು ಕನ್ನಡಿಗರಿಗೆ ಹೊಸ ಮಾತಲ್ಲ. 1860ರ ದಶಕದಲ್ಲಿ ಮುಂಬಯಿ ಇಲಾಖೆಯು ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ಉಪಕರವನ್ನು ಹೇರಿ, ಅದರ ಮೂರರಲ್ಲೊಂದು ಪಾಲನ್ನು ಶಾಲೆಗಳಿಗೆ ಕೊಟ್ಟಿತು. ಧಾರವಾಡ, ಬೆಳಗಾವಿಗಳ ರೈತರೂ ಅದನ್ನು ತೆತ್ತರು. ತೆತ್ತವನಿಗೆ ಮಾತಿನ ಅಧಿಕಾರವಿರಲಿಲ್ಲವೆಂಬುದೇ ಅದರ ಕೊರತೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಹಾಗಲ್ಲ. ಅಲ್ಲಿ ಶಾಲಾ ಕಟ್ಟಡಕ್ಕಾಗಿ ಸಾಲವೆತ್ತಿ ಮನೆ-ನಿವೇಶನಗಳ ತೆರಿಗೆಯಿಂದ ತೀರಿಸಬೇಕಾದರೆ ಸ್ಥಳದ ಮತದಾರರು ಒಪ್ಪಬೇಕು. 2000ದಲ್ಲಿ ಆದ ಮಾರ್ಪಾಟಿನಿಂದ ನೂರಕ್ಕೆ 55 ಮತ ಬಂದರೂ ಸಾಕು. ಆದರೆ ಮಾಡತಕ್ಕ ಕೆಲಸಗಳ ಪಟ್ಟಿಯನ್ನು ಮೊದಲೇ ತೋರಿಸಬೇಕು, ಲೆಕ್ಕ ತಪಾಸಣೆಯಾಗಬೇಕು, ನಾಗರಿಕರ ಸಮಿತಿಯೊಂದು ಖರ್ಚಿನ ಮೇಲೆ ಕಣ್ಣಿಡಬೇಕು.

ನಮ್ಮಲ್ಲಿ ಅಂಥ ಮತದಾನವಿಲ್ಲ. ಆದರೂ ಗೃಹಸ್ಥನು ಬಾಯಿಲ್ಲದವನಲ್ಲ. 1993ರ ಪಂಚಾಯತ್ ರಾಜ್ ಕಾನೂನಿನಂತೆ ಗ್ರಾಮ ಪಂಚಾಯತಿಯು ಮನೆ, ಅಂಗಡಿ, ಗಿರಣಿಗಳ ಮೇಲೆ ತೆರಿಗೆ ಹಾಕುತ್ತದೆ. ಬೇಸಾಯದ ಕಂದಾಯಕ್ಕೆ ಒಳಪಟ್ಟ ಹೊಲಗದ್ದೆಗಳು ಇದಕ್ಕೆ ಸೇರವು. ಅದೇ ಕಾನೂನು ಗ್ರಾಮಸಭೆಯನ್ನೂ ಕೊಟ್ಟಿದೆ. 2001ರಿಂದ ಸರಕಾರಿ ಶಾಲೆಗಳಿಗೆ ಪಾಲಕರುಳ್ಳ ಶಾಲಾಭಿವೃದ್ಧಿ ಸಮಿತಿಗಳಿವೆ. ಮಕ್ಕಳ ಗ್ರಾಮಸಭೆಗಳೂ ನಡೆಯುತ್ತವೆ. ಸೋರುವ ಕೊಠಡಿಯ ಸಂಗತಿಯನ್ನು ಅದರಲ್ಲಿ ಕೂಡುವ ಮಗುವೇ ಎದ್ದುನಿಂತು ಹೇಳಬಹುದು. 1965ರ ಕಾನೂನಿನ ಮೇರೆಗೆ ಗ್ರಂಥಾಲಯಕ್ಕೆಂದು ಹೆಸರಿಟ್ಟು ಉಪಕರವನ್ನು ಎತ್ತುವ ನಾಡಿನಲ್ಲಿ, ಪಂಚಾಯತಿಯು ತನ್ನ ಸ್ವಂತ ವರಮಾನದ ಒಂದು ಸಣ್ಣ ಪಾಲನ್ನು ಶಾಲೆಯ ದುರಸ್ತಿಗೆಂದು ಹೆಸರಿಟ್ಟು ತೆಗೆದಿರಿಸಲೆಂದು ಗ್ರಾಮಸಭೆಯಲ್ಲಿ ಕೇಳುವುದು ಅತಿಯಾದ ಬೇಡಿಕೆಯಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರುವುವು. ನನ್ನ ಮಕ್ಕಳು ಖಾಸಗಿ ಶಾಲೆಗೆ ಹೋಗುವರು, ನಾನೇಕೆ ತೆರಲಿ ಎಂಬುದು ಮೊದಲನೆಯದು. ಅವರ ಗದ್ದೆಯಲ್ಲಿ ನಾಟಿ ಮಾಡುವವರ, ಗಿರಣಿಯಲ್ಲಿ ಚೀಲ ಹೊರುವವರ ಮಕ್ಕಳು ಎಲ್ಲಿ ಕಲಿಯುತ್ತಾರೆಂದು ಅವರೇ ಯೋಚಿಸಲಿ; ಅವರ ದುಡಿತದಿಂದಲೇ ಊರ ಸಿರಿ ಬೆಳೆದಿದೆ. ಬಡವನ ಮೇಲೆ ಹೊರೆ ಬೀಳುವುದಲ್ಲವೇ ಎಂಬುದು ಎರಡನೆಯದು. ಇದು ತಳ್ಳಿಹಾಕುವ ಮಾತಲ್ಲ. ಆದಕಾರಣ ಗುಡಿಸಲಿನವನ ಪಟ್ಟಿಯನ್ನು ಏರಿಸುವ ಮೊದಲು, ಗಿರಣಿ-ಮಳಿಗೆಗಳ ಬಾಕಿಯು ಪೂರ್ತಿ ವಸೂಲಾಗಿದೆಯೇ ಎಂದು ಸಭೆಯು ನೋಡತಕ್ಕದ್ದು. ಗೋಡೆಯೇ ಬೀಳುವ ಸ್ಥಿತಿಗೆ ಬಂದಲ್ಲಿ ಅದು ಸರಕಾರದ ಹೊಣೆ. 2009ರ ಶಿಕ್ಷಣ ಹಕ್ಕಿನ ಕಾನೂನು ಎಲ್ಲ ಋತುಗಳಿಗೂ ತಡೆಯುವ ಕಟ್ಟಡವನ್ನು ಶಾಲೆಗೆ ವಿಧಿಸಿದೆ. ಊರವರು ಹಣ ಕೂಡಿಸಿದರೆಂದು ಆ ಹೊಣೆ ತಪ್ಪದು.

ಊರವರ ಪಾಲಿಗೆ ಉಳಿಯುವುದು ಚಿಕ್ಕ ಕೆಲಸ: ಮೃಗಶಿರಾ ಮಳೆಗೆ ಮುಂಚೆ ಕೊಳವೆ ಬಿಡಿಸುವುದು, ಸೀಳಿಗೆ ಗಾರೆ ತುಂಬುವುದು, ಒಡೆದ ಹಂಚು ಬದಲಿಸುವುದು. ಮನೆಪಟ್ಟಿ ಕಟ್ಟಿ ರಸೀದಿ ಪಡೆದ ಪ್ರತಿಯೊಬ್ಬ ಗೃಹಸ್ಥನೂ, ಗೃಹಿಣಿಯೂ ಮುಂದಿನ ಗ್ರಾಮಸಭೆಗೆ ಹೋಗಿ, ಈ ವರ್ಷ ಶಾಲೆಗೆಷ್ಟು ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಯಿಸಲಿ. ಬರೆದ ಮಾತನ್ನು ಮರುವರ್ಷ ಅಲ್ಲಗಳೆಯುವುದು ಯಾರಿಗೂ ಸುಲಭವಲ್ಲ.