ಮಂಗಲಪೇಟ್ ಚರ್ಚ್: 'ಬರ್ರಿ, ಕೂಡ್ರಿ' ಅನ್ನೋ ಮಾತಿನ ಹಿಂದೆ ಏನಿದೆ? ಔರಾದ ಮಂದಿಗೆ ಅದು ಯಾಕೆ ಮುಖ್ಯ?

ಔರಾದ: ತಾಲ್ಲೂಕಿನ ಹಳ್ಳಿಗಳಿಂದ ಕೂಲಿ ಕೆಲಸಕ್ಕೆ, ಮಕ್ಕಳ ಓದಿಗೆ, ದವಾಖಾನೆಗೆ ಅಂತ ಬೀದರ್‌ಗೆ ಹೋಗುವವರಿಗೆ ನಗರದಲ್ಲಿ ಗುರುತಿನವರು ಕಡಿಮೆ. ಬಾಡಿಗೆ ಮನೆ ಕೇಳಿದರೆ ಮೊದಲು ಹೆಸರು, ಆಮೇಲೆ ಜಾತಿ ಕೇಳ್ತಾರೆ. ಇಂಥವರಲ್ಲಿ ಕ್ರೈಸ್ತ ಕುಟುಂಬಗಳಿಗೆ ನಗರದ ಮೊದಲ ಪರಿಚಯ ಆಗುವುದು ಹಳೇ ಊರಿನ ಮಂಗಲಪೇಟ್ ದರ್ವಾಜಾ ಕಡೆಯ ಮೆಥೋಡಿಸ್ಟ್ ಚರ್ಚ್‌ನಲ್ಲಿ. ಅಲ್ಲಿ ಕೇಳುವ ಪ್ರಶ್ನೆ ಒಂದೇ: 'ಯಾ ಊರಿಂದ ಬಂದ್ರಿ?' ಔರಾದ ಅಂದರೆ ಸಾಕು, ಆ ಕಡೆಯವರು ಯಾರಾದರೂ ಒಬ್ಬರು ಸಿಕ್ಕೇ ಸಿಗ್ತಾರೆ.

ಈ ಚರ್ಚ್ ಯಾರದು, ಹೊಸಬರನ್ನು ಹೇಗೆ ಸೇರಿಸಿಕೊಳ್ಳುತ್ತೆ, ಚರ್ಚ್‌ಗೆ ಹೋಗುವ ಎಷ್ಟೋ ಮಂದಿ ರಿಜಿಸ್ಟರ್‌ನಲ್ಲಿ ಹೆಸರು ಬರೆಸಲು ಯಾಕೆ ಹಿಂದೆ ಮುಂದೆ ನೋಡ್ತಾರೆ? ಇಲ್ಲಿದೆ ವಿವರ.

ಮೆಥೋಡಿಸ್ಟ್ ಅಂದ್ರೆ ಯಾರು?

ಜಾನ್ ವೆಸ್ಲಿ ಎಂಬ ಪಾದ್ರಿ 18ನೇ ಶತಮಾನದಲ್ಲಿ ಇಂಗ್ಲೆಂಡ್‌ನಲ್ಲಿ ಶುರು ಮಾಡಿದ ಪಂಥ ಇದು. ಅಮೆರಿಕದ ಮೆಥೋಡಿಸ್ಟ್ ಮಿಷನ್ 1856ರಲ್ಲಿ ಭಾರತಕ್ಕೆ ಬಂತು. 19ನೇ ಶತಮಾನದ ಕೊನೆಗೆ ಬೀದರ್ ತಲುಪಿತು. ಆಗ ಬೀದರ್ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮಿಷನ್ ಸೇರಿದವರಲ್ಲಿ ಹೆಚ್ಚಿನವರು ಮಾದಿಗ ಮತ್ತು ಹೊಲೆಯ ಸಮುದಾಯದವರು. ಊರಿನ ಬಾವಿ, ಗುಡಿ, ಶಾಲೆ ಯಾವುದರ ಒಳಗೂ ಬಿಡದ ಕಾಲದಲ್ಲಿ ಒಂದೇ ಚಾಪೆ ಮೇಲೆ ಕೂರಿಸಿ ಅಕ್ಷರ ಕಲಿಸಿದ್ದು ಅವರಿಗೆ ದೊಡ್ಡ ಮಾತಾಗಿತ್ತು. ಇಂದು ಬೀದರ್, ಭಾಲ್ಕಿ, ಔರಾದ ಭಾಗದ ಅನೇಕ ಮೆಥೋಡಿಸ್ಟ್ ಕುಟುಂಬಗಳು ಆ ಮೊದಲ ತಲೆಮಾರಿನ ಮೊಮ್ಮಕ್ಕಳು, ಮರಿಮಕ್ಕಳದ್ದು.

1981ರಲ್ಲಿ 'ಮೆಥೋಡಿಸ್ಟ್ ಚರ್ಚ್ ಇನ್ ಇಂಡಿಯಾ' ಸ್ವತಂತ್ರ ಆಡಳಿತ ಪಡೆಯಿತು. ಬೀದರ್ ಅದರ ದಕ್ಷಿಣ ಭಾರತ ಪ್ರಾದೇಶಿಕ ಸಮ್ಮೇಳನದ ವ್ಯಾಪ್ತಿಯಲ್ಲಿದೆ. ಪಾಸ್ಟರ್‌ಗಳನ್ನು ಬಿಷಪ್ ನೇಮಿಸುತ್ತಾರೆ, ವರ್ಗಾವಣೆಯೂ ಇರ್ತದೆ. ಹಾಗಾಗಿ ಪಾಸ್ಟರ್ ಬದಲಾದರೂ ಸಭೆಯ ಹಿರಿಯರು, ಹೆಣ್ಮಕ್ಕಳ ಸಂಘದವರು ಅಲ್ಲೇ ಇರ್ತಾರೆ. ಹೊಸಬರನ್ನು ಗುರುತಿಟ್ಟು ಮಾತಾಡಿಸುವುದು ಹೆಚ್ಚಾಗಿ ಇವರೇ.

ಹೊಸಬರು ಬಂದರೆ ಏನಾಗುತ್ತೆ?

ಭಾನುವಾರದ ಆರಾಧನೆಗೆ ಯಾರು ಬೇಕಾದರೂ ಬರಬಹುದು. ಕ್ರೈಸ್ತರೇ ಆಗಿರಬೇಕು ಅಂತಿಲ್ಲ. ಬಾಗಿಲಲ್ಲಿ ಯಾರೂ ಕಾಗದ ಕೇಳೋದಿಲ್ಲ. ಹಾಡು ಗೊತ್ತಿಲ್ಲದಿದ್ದರೆ ಪಕ್ಕದವರು ಪುಸ್ತಕ ಮುಂದೆ ಹಿಡೀತಾರೆ.

ಆದರೆ ನಿಜವಾದ ಸ್ವಾಗತ ನಡೆಯುವುದು ಸಭೆ ಮುಗಿದ ಮೇಲೆ. ಮನೆ ಎಲ್ಲಿ, ಯಾರಿಗೆ ಆರಾಮಿಲ್ಲ, ಮಕ್ಕಳು ಯಾವ ಸಾಲಿಯಲ್ಲಿದ್ದಾರೆ ಅಂತ ವಿಚಾರಿಸಿ, ಆ ವಾರವೇ ಮನೆಗೆ ಹೋಗಿ ಪ್ರಾರ್ಥನೆ ಮಾಡುವುದು ಮೆಥೋಡಿಸ್ಟರ ಹಳೇ ರೂಢಿ. ಇದರ ಮೂಲ 1742ರ ಬ್ರಿಸ್ಟಲ್ ನಗರದಲ್ಲಿದೆ. ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಸುಮಾರು 12 ಜನರಿಗೆ ಒಬ್ಬ ಮುಖಂಡನನ್ನು ಮಾಡಿ, ವಾರಕ್ಕೆ ತಲೆಗೆ ಒಂದು ಪೆನ್ನಿ ವಸೂಲಿಗೆ ಮನೆಮನೆಗೆ ಕಳಿಸಿದರು. ದುಡ್ಡು ಕೇಳಲು ಹೋದವರಿಗೆ ಮನೆಯ ಕಷ್ಟ ಕಣ್ಣಿಗೆ ಬಿತ್ತು. ಸಾಲದ ವಸೂಲಿ ಹಾಗೇ ಕಷ್ಟಸುಖ ವಿಚಾರಿಸುವ ಪದ್ಧತಿಯಾಯಿತು.

ಊರಿಂದ ಒಬ್ಬಂಟಿ ಬಂದವರಿಗೆ ಇದರ ಬೆಲೆ ಗೊತ್ತಾಗೋದು ಮನೆಯಲ್ಲಿ ಸಾವಾದಾಗ. ಸ್ಮಶಾನಕ್ಕೆ ಹೆಗಲು ಕೊಡಲು ಸಭೆಯವರು ಬರ್ತಾರೆ. ನಗರದಲ್ಲಿ ಬಂಧುಬಳಗ ಇಲ್ಲದ ಕುಟುಂಬಕ್ಕೆ ಆ ದಿನ ಸಭೆಯೇ ಬಂಧುಬಳಗ.

ಗೋಡೆಯಾಚೆಯ ಕೆಲಸ

ಚರ್ಚ್‌ಗೆ ಒಮ್ಮೆಯೂ ಹೋಗದ ಬೀದರ್ ಮಂದಿಗೂ ಮಿಷನ್ ಗೊತ್ತಿರುವುದು ಶಾಲೆಯಿಂದ. ಮಂಗಲಪೇಟ್‌ನ ನಾರ್ಮಾ ಫೆಂಡ್ರಿಕ್ ಪ್ರೌಢಶಾಲೆ ಅಂಥದ್ದು. ಅಲ್ಲಿ ಎಲ್ಲ ಧರ್ಮದವರ ಮಕ್ಕಳೂ ಓದಿದ್ದಾರೆ.

ಕ್ಯಾಥೋಲಿಕರದ್ದು ಬೇರೆ ವ್ಯವಸ್ಥೆ. 2005ರಲ್ಲಿ ರಚನೆಯಾದ ಕಲಬುರಗಿ ಧರ್ಮಪ್ರಾಂತ್ಯಕ್ಕೆ ಬೀದರ್ ಜಿಲ್ಲೆ ಸೇರುತ್ತದೆ. ಹುಮನಾಬಾದ್‌ನ 'ಆರ್ಬಿಟ್' ಸಂಸ್ಥೆ ಅವರದು. ಹಳ್ಳಿಗಳಲ್ಲಿ ಮಹಿಳಾ ಸ್ವಸಹಾಯ ಸಂಘ ಕಟ್ಟುವ ಕೆಲಸ ಮಾಡುತ್ತದೆ. ಎರಡೂ ಒಂದೇ ಅಂತ ತಿಳಿದು ಒಂದರ ಕೆಲಸಕ್ಕೆ ಇನ್ನೊಂದರ ಕಚೇರಿಗೆ ಅಲೆಯುವವರಿದ್ದಾರೆ. ಹೋಗುವ ಮೊದಲು ಕೇಳಿಕೊಳ್ಳುವುದು ಒಳ್ಳೇದು.

ಗುಡಿ-ಮಠದ ಬಾಗಿಲು ಊರ ಮಂದಿಗೆ ತೆರೆಯುವುದು ಈ ಜಿಲ್ಲೆಗೆ ಹೊಸದೇನಲ್ಲ. ಬೀದರ್‌ನ ಗುರುನಾನಕ್ ಝೀರಾದಲ್ಲಿ ಲಂಗರ್ ಊಟಕ್ಕೆ ಜಾತಿ ಕೇಳೋದಿಲ್ಲ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದು ಇಲ್ಲಿ ಮನೆಮಾತು.

ಬೆಂಚು ಬೇರೆ, ರಿಜಿಸ್ಟರ್ ಬೇರೆ

ಸಭೆಯಲ್ಲಿ ಕೂರಲು ಯಾವ ಷರತ್ತೂ ಇಲ್ಲ. ಸದಸ್ಯರಾಗಲು ಮಾತ್ರ ದೀಕ್ಷಾಸ್ನಾನ ಆಗಿರಬೇಕು. ಚಿಕ್ಕಂದಿನಲ್ಲಿ ದೀಕ್ಷಾಸ್ನಾನ ಆದವರು ದೊಡ್ಡವರಾದ ಮೇಲೆ ಪಾಠ ಕಲಿತು, ಸಭೆಯ ಮುಂದೆ ಒಪ್ಪಿಕೊಂಡು ಪೂರ್ಣ ಸದಸ್ಯರಾಗ್ತಾರೆ. ಆಗ ಹೆಸರು ರಿಜಿಸ್ಟರ್‌ಗೆ ಬರ್ತದೆ.

ತೊಡಕು ಇರೋದು ಇಲ್ಲೇ. 1950ರ ಪರಿಶಿಷ್ಟ ಜಾತಿಗಳ ಆದೇಶದ 3ನೇ ಪ್ಯಾರಾ ಪ್ರಕಾರ ಕ್ರೈಸ್ತರಿಗೆ ಪರಿಶಿಷ್ಟ ಜಾತಿ ಸ್ಥಾನ ಇಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು ಮತ್ತು ಮುಸ್ಲಿಮರು ಹೊರಗೇ ಉಳಿದರು. ಅಂದರೆ ಒಂದೇ ಓಣಿಯ, ಒಂದೇ ಜಾತಿಯ ಅಣ್ಣ ತಮ್ಮಂದಿರಲ್ಲಿ ಬುದ್ಧ ವಿಹಾರಕ್ಕೆ ಹೋದ ಅಣ್ಣನಿಗೆ ಎಸ್‌ಸಿ ಪ್ರಮಾಣಪತ್ರ ಉಳಿಯುತ್ತೆ, ದೀಕ್ಷಾಸ್ನಾನ ಆದ ತಮ್ಮನಿಗೆ ಉಳಿಯೋದಿಲ್ಲ. ಓಣಿಯಲ್ಲಿ ಇಬ್ಬರನ್ನೂ ನೋಡುವ ಕಣ್ಣು ಮಾತ್ರ ಬದಲಾಗಿರೋದಿಲ್ಲ.

ಔರಾದ ವಿಧಾನಸಭಾ ಕ್ಷೇತ್ರವೇ ಎಸ್‌ಸಿ ಮೀಸಲು. ತಮ್ಮ ಅಲ್ಲಿ ಮತ ಹಾಕಬಹುದು, ಚುನಾವಣೆಗೆ ನಿಲ್ಲುವ ಹಾಗಿಲ್ಲ.

2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪುದುಚೇರಿಯ ಪ್ರಕರಣವೊಂದರಲ್ಲಿ, ಕ್ರೈಸ್ತ ಧರ್ಮ ಪಾಲಿಸುತ್ತಾ ಕೆಲಸಕ್ಕಾಗಿ ಮಾತ್ರ ಎಸ್‌ಸಿ ಅನ್ನಿಸಿಕೊಳ್ಳಲು ಬರುವುದಿಲ್ಲ ಎಂದು ಹೇಳಿತು. ಮತಾಂತರವಾದ ದಲಿತರಿಗೆ ಈ ಸ್ಥಾನ ಕೊಡಬೇಕೇ ಅನ್ನುವುದನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿದೆ.

ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ-1ರಲ್ಲಿ, ಉಳಿದ ಕ್ರೈಸ್ತರು 3ಬಿಯಲ್ಲಿ ಬರ್ತಾರೆ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಯೋಜನೆಗಳಿಗೂ ಕ್ರೈಸ್ತರು ಅರ್ಜಿ ಹಾಕಬಹುದು. ಇದು ಗೊತ್ತಿಲ್ಲದೆ ಎಷ್ಟೋ ಕುಟುಂಬಗಳು ಎರಡೂ ಕಡೆ ಕಳಕೊಳ್ತಾರೆ. ನಾಡಕಚೇರಿಗೆ ಹೋಗುವ ಮೊದಲು ಮಕ್ಕಳ ಶಾಲಾ ದಾಖಲೆಯಲ್ಲಿ ಧರ್ಮ ಮತ್ತು ಜಾತಿ ಏನು ಬರೆದಿದೆ ಅಂತ ನೋಡಿಕೊಳ್ಳಿ. ಒಂದೊಂದು ಕಡೆ ಒಂದೊಂದು ಇದ್ದರೆ ತಕರಾರು ಶುರುವಾಗುವುದು ಅಲ್ಲಿಂದಲೇ.

ಹೀಗಾಗಿ ವರ್ಷಗಟ್ಟಲೆ ಚರ್ಚ್‌ಗೆ ಬಂದು, ಹಾಡಿ, ಕಾಣಿಕೆ ಹಾಕಿ, ರಿಜಿಸ್ಟರ್ ಮಾತು ಬಂದಾಗ ಸುಮ್ಮನಾಗುವವರು ಇರ್ತಾರೆ. ಅವರಿಗೆ ನಂಬಿಕೆ ಕಡಿಮೆ ಅಂತ ತಿಳಿಯುವುದು ಸುಲಭ. ಮಗಳ ಹಾಸ್ಟೆಲ್ ಸೀಟು, ಮಗನ ನೌಕರಿ ಅರ್ಜಿ ಎರಡೂ ಆ ಒಂದು ಸಹಿ ಮೇಲೆ ನಿಂತಿರುತ್ತವೆ ಅನ್ನುವುದನ್ನೂ ನೋಡಬೇಕು.

ಮೊದಲ ಸಲ ಹೋಗೋರಿಗೆ

ಹೆಣ್ಮಕ್ಕಳು ತಲೆ ಮೇಲೆ ಸೆರಗು ಹಾಕಿಕೊಳ್ಳುವುದು ರೂಢಿ. ಕಾಣಿಕೆ ಹಾಕಲೇಬೇಕು ಅಂತಿಲ್ಲ. ಡಿಸೆಂಬರ್ 31ರ ರಾತ್ರಿ ಹೊಸ ವರ್ಷದ ಆರಾಧನೆಗೆ ಜನ ಜಾಸ್ತಿ, ಕೂರಲು ಜಾಗ ಬೇಕಂದ್ರೆ ಬೇಗ ಹೋಗಬೇಕು. ಉಳಿದ ಭಾನುವಾರ ತಡವಾಗಿ ಹೋದರೂ ಯಾರಾದರೂ ಸರಿದು ಜಾಗ ಮಾಡ್ತಾರೆ. 'ಬರ್ರಿ ಅಕ್ಕಾರ, ಕೂಡ್ರಿ' ಅಂತಾರೆ. ಊರು ಯಾವುದು ಅನ್ನೋ ಪ್ರಶ್ನೆ ಆಮೇಲೆ ಬರ್ತದೆ.